ಬ್ಯಾಕ್ ಆಡೋ ಹುಡುಗನ್ನ ಬಿಟ್ಟುಕೊಡಬೇಕಾ?



ಇವತ್ತು ರಾಜಕೀಯ ಬೇಡ. ಯಾರು ಯಾವ ಪಕ್ಷ ಬಿಟ್ಟರು, ಯಾರನ್ನ ಯಾರು ಸೆಳೆದುಕೊಂಡರು ಅಂತ ವರ್ಷಪೂರ್ತಿ ಮಾತಾಡ್ತಾನೇ ಇರ್ತೀವಿ. ಇವತ್ತೂ ಒಬ್ಬ ಬಿಟ್ಟು ಹೋಗೋದರ ಬಗ್ಗೆಯೇ ಮಾತು. ಆದರೆ ಆತ ಎಂಎಲ್‌ಎ ಅಲ್ಲ. ಹದಿನೇಳು ವರ್ಷದ ಹುಡುಗ. ಫುಟ್‌ಬಾಲ್‌ನಲ್ಲಿ ಬ್ಯಾಕ್ ಆಡ್ತಾನೆ.

ಕಳೆದ ಭಾನುವಾರ ಹೊಸಕೋಟೆ ತಾಲೂಕಿನ ಸಮೇತನಹಳ್ಳಿಗೆ ಹೋಗಿದ್ದೆ. ಯುವಕರ ತಂಡದವರು ಒಂದು ಟೂರ್ನಮೆಂಟ್ ಇಟ್ಟುಕೊಂಡಿದ್ದರು, ಬಹುಮಾನ ಕೊಡೋಕೆ ಬನ್ನಿ ಅಂತ ಕರೆದಿದ್ದರು. ಮೆಟ್ರೊ ನೇರಳೆ ಮಾರ್ಗ ಕಾಡುಗೋಡಿಗೆ ಮುಗಿಯುತ್ತಲ್ಲ, ಆ ಕಡೆಯಿಂದ ಇನ್ನೂ ಮುಂದಕ್ಕೆ ಹೋಗಬೇಕು. ಒಂದು ಕಡೆ ರಾಗಿ ಹೊಲ, ಇನ್ನೊಂದು ಕಡೆ ಲೇಔಟ್ ಬೋರ್ಡು. ಬೆಂಗಳೂರು ಬಂದು ಊರಿನ ಬಾಗಿಲು ತಟ್ಟುತ್ತಾ ನಿಂತಿದೆ.

ಬಹುಮಾನ ಕೊಟ್ಟಿದ್ದಾಯ್ತು, ಹಾರ ಹಾಕಿದ್ದಾಯ್ತು. ಹೊರಡಬೇಕು ಅನ್ನೋಷ್ಟರಲ್ಲಿ ತಂಡದ ಕ್ಯಾಪ್ಟನ್ ಬಂದ. ‘ಅಣ್ಣ, ಎರಡು ನಿಮಿಷ ಕೂತ್ಕಳಿ. ಒಂದು ಪಂಚಾಯ್ತಿ ಐತೆ’ ಅಂದ. ಏನಪ್ಪಾ ಅಂದೆ. ಅವರ ತಂಡದಲ್ಲಿ ಬ್ಯಾಕ್ ಆಡೋ ಹುಡುಗ ಒಬ್ಬ ಇದ್ದಾನೆ. ನಾನೇ ಆಟ ನೋಡಿದ್ದೆ. ಎತ್ತರದ ಹುಡುಗ, ತಲೆಗೆ ಬಂದ ಬಾಲು ಒಂದನ್ನೂ ಬಿಡಲ್ಲ. ಬೆಂಗಳೂರಿನ ಒಂದು ಕ್ಲಬ್ಬಿನವರು ಕರೀತಿದ್ದಾರೆ. ಹಾಸ್ಟೆಲ್ ಕೊಡ್ತೀವಿ, ಊಟ ಕೊಡ್ತೀವಿ, ತಿಂಗಳಿಗೆ ಕೈಖರ್ಚಿಗೆ ಕಾಸು ಕೊಡ್ತೀವಿ ಅಂದಿದ್ದಾರೆ. ಊರಿನ ತಂಡದವರಿಗೆ ಹೊಟ್ಟೆಯಲ್ಲಿ ಸಂಕಟ. ಯಾಕೆ? ಹೋದ ವರ್ಷ ಇದೇ ಹುಡುಗನಿಗೆ ಮಂಡಿ ಪೆಟ್ಟಾದಾಗ ಎಲ್ಲರೂ ಚಂದಾ ಎತ್ತಿ ಸ್ಕ್ಯಾನ್ ಮಾಡಿಸಿದ್ದಾರೆ, ಡಾಕ್ಟರ್ ಫೀಸು ಕಟ್ಟಿದ್ದಾರೆ, ಶೂ ಕೊಡಿಸಿದ್ದಾರೆ. ಹಳ್ಳಿಯ ಲೆಕ್ಕದಲ್ಲಿ ಅವನು ದುಬಾರಿ ಆಟಗಾರ. ಈಗ ಫಲ ಕೊಡೋ ಹೊತ್ತಿಗೆ ಇನ್ಯಾರೋ ಕಿತ್ತುಕೊಂಡು ಹೋಗ್ತಾರೆ ಅಂದ್ರೆ?

‘ಬುಟ್ಬುಡದಾ ಅಣ್ಣ? ಇಟ್ಕಳದಾ? ನೀವೇ ಹೇಳಿ.’

ನಾನು ತಕ್ಷಣ ಉತ್ತರ ಕೊಡಲಿಲ್ಲ. ಟಿವಿಯಲ್ಲಿ ಕೂತು ಪ್ರಧಾನಿಗೂ ಸಲಹೆ ಕೊಡೋ ಜನ ನಾವು, ನಿಜ. ಆದರೆ ಒಬ್ಬ ಹುಡುಗನ ಬದುಕಿನ ಪ್ರಶ್ನೆಗೆ ಕಾರಿನ ಬಾಗಿಲು ಹಿಡಿದುಕೊಂಡು ಉತ್ತರ ಹೇಳೋಕಾಗಲ್ಲ. ಮನೆಗೆ ಬಂದು ಕೂತು ಲೆಕ್ಕ ಹಾಕಿದೆ. ಆ ಲೆಕ್ಕವನ್ನೇ ಇವತ್ತು ನಿಮ್ಮ ಮುಂದೆ ಇಡ್ತೀನಿ.

ಮೊದಲು ಒಂದು ಮಾತು. ಫುಟ್‌ಬಾಲ್‌ನಲ್ಲಿ ಗೋಲು ಹೊಡೆದವನ ಹೆಸರು ಎಲ್ಲರಿಗೂ ಗೊತ್ತು. ಗೋಲು ತಪ್ಪಿಸಿದವನ ಹೆಸರು? ಪತ್ರಿಕೆಯಲ್ಲಿ ಬರಲ್ಲ. ರೈತರು ಬೇಗ ಅರ್ಥ ಮಾಡ್ಕೋತಾರೆ ಇದನ್ನ. ಬೇಲಿ ಗಟ್ಟಿ ಇರೋ ತನಕ ಬೇಲಿ ಇದೆ ಅನ್ನೋದೇ ನೆನಪಿರಲ್ಲ. ಒಂದು ರಾತ್ರಿ ದನ ನುಗ್ಗಿ ಪೈರು ತಿಂದಾಗ ಗೊತ್ತಾಗುತ್ತೆ. ಡಿಫೆಂಡರ್ ಅಂದ್ರೆ ಬೇಲಿ. ಅದಕ್ಕೇ ಅವನ ಬೆಲೆ ಕಟ್ಟೋದು ಕಷ್ಟ. ‘ಇಷ್ಟು ದುಡ್ಡು ಕೊಟ್ಟಿದ್ದಕ್ಕೆ ಇವನು ಎಷ್ಟು ಗೋಲು ಹೊಡೆದ?’ ಅಂತ ಮಾಲೀಕ ಕೇಳಿದರೆ ಮ್ಯಾನೇಜರ್ ಏನಂತ ಉತ್ತರ ಕೊಡಬೇಕು?

ಈಗ ನಮ್ಮ ಬೆಂಗಳೂರಿನದೇ ಒಂದು ಉದಾಹರಣೆ ತಗೊಳ್ಳಿ. ಸಂದೇಶ್ ಝಿಂಗನ್. ಭಾರತ ತಂಡದ ಡಿಫೆಂಡರ್, ಚಂಡೀಗಢದ ಹುಡುಗ, 2020ರ ಅರ್ಜುನ ಪ್ರಶಸ್ತಿ ಪಡೆದವನು. ಈ ಮನುಷ್ಯನನ್ನು ಒಂದಲ್ಲ, ಎರಡಲ್ಲ, ಮೂರು ತಂಡಗಳು ಬಿಟ್ಟುಕೊಟ್ಟಿವೆ. ಮೂರೂ ದೊಡ್ಡ ತಂಡಗಳು. ಮೂರಕ್ಕೂ ಮುಂದಿನ ವರ್ಷ ಏನಾಯ್ತು ಅನ್ನೋದು ನೋಡಿದರೆ ನಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕ ಹಾಗೆ.

ಮೊದಲನೆಯದು ಕೇರಳ ಬ್ಲಾಸ್ಟರ್ಸ್. 2014ರಿಂದ ಝಿಂಗನ್ ಅಲ್ಲೇ ಇದ್ದ. ಮಲಯಾಳಿಗಳು ಅವನನ್ನು ತಮ್ಮ ಮನೆ ಮಗನ ಹಾಗೆ ನೋಡಿಕೊಂಡರು. 2019ರಲ್ಲಿ ಮಂಡಿ ಪೆಟ್ಟಾಗಿ ಇಡೀ ಸೀಸನ್ ಆಡಲಿಲ್ಲ. 2020ರ ಮೇ ತಿಂಗಳಲ್ಲಿ ಕ್ಲಬ್ಬೂ ಅವನೂ ಬೇರೆಯಾದರು. ಗೌರವಕ್ಕೆ ಅವನ 21ನೇ ನಂಬರಿನ ಜರ್ಸಿಯನ್ನೇ ನಿವೃತ್ತಿ ಮಾಡಿದರು. ಸರಿ, ಮುಂದಿನ ಸೀಸನ್ ಏನಾಯ್ತು? 20 ಪಂದ್ಯದಲ್ಲಿ 36 ಗೋಲು ಬಿಟ್ಟುಕೊಟ್ಟು, 11 ತಂಡಗಳಲ್ಲಿ 10ನೇ ಸ್ಥಾನ. ಅದೇ ವರ್ಷ ಝಿಂಗನ್ ಸೇರಿದ್ದ ಎಟಿಕೆ ಮೋಹನ್ ಬಾಗಾನ್ 20 ಪಂದ್ಯದಲ್ಲಿ ಬಿಟ್ಟುಕೊಟ್ಟಿದ್ದು ಬರೀ 15 ಗೋಲು. ಫೈನಲ್‌ಗೂ ಹೋಯ್ತು.

ಎರಡನೆಯದು ನಮ್ಮದೇ ಬೆಂಗಳೂರು ಎಫ್‌ಸಿ. 2022ರ ಆಗಸ್ಟ್‌ನಲ್ಲಿ ಝಿಂಗನ್ ಬಂದ. ಒಂದು ವರ್ಷದ ಒಪ್ಪಂದ. ಬಂದ ಮುಂದಿನ ತಿಂಗಳೇ ಕೋಲ್ಕತ್ತದಲ್ಲಿ ಮುಂಬೈ ಸಿಟಿಯನ್ನು 2-1ರಲ್ಲಿ ಸೋಲಿಸಿ ಡುರಾಂಡ್ ಕಪ್ ಗೆದ್ದೆವು. 2023ರ ಮಾರ್ಚ್ 12, ಕಂಠೀರವದಲ್ಲಿ ಐಎಸ್‌ಎಲ್ ಸೆಮಿಫೈನಲ್, ಎದುರಿಗೆ ಮತ್ತೆ ಅದೇ ಮುಂಬೈ. ಪೆನಾಲ್ಟಿ ಶೂಟೌಟ್ 8-8 ಆಗಿದೆ. ಗುರುಪ್ರೀತ್ ಸಂಧು ಒಂದು ತಡೆದ. ಆಮೇಲೆ ಬಾಲ್ ಇಟ್ಟುಕೊಂಡು ಬಂದವನು ಯಾರು? ಸುನಿಲ್ ಛೇತ್ರಿ ಅಲ್ಲ. ಝಿಂಗನ್. ಹೊಡೆದ, 9-8. ಅವತ್ತು ಸ್ಟೇಡಿಯಂನಲ್ಲಿ ಇದ್ದವರಿಗೆ ಕೇಳಿ, ಇವತ್ತಿಗೂ ಮೈ ಝುಂ ಅನ್ನುತ್ತೆ ಅಂತಾರೆ. ಆರು ದಿನ ಬಿಟ್ಟು ಗೋವಾದಲ್ಲಿ ಫೈನಲ್. 2-2 ಆಗಿ, ಪೆನಾಲ್ಟಿಯಲ್ಲಿ 4-3ಕ್ಕೆ ಸೋತೆವು. ಏಪ್ರಿಲ್‌ನಲ್ಲಿ ಸೂಪರ್ ಕಪ್ ಫೈನಲ್, ಅದೂ ಒಡಿಶಾ ಎದುರು ಸೋತೆವು. ಆದರೂ ಒಂದು ಸೀಸನ್‌ನಲ್ಲಿ ಮೂರು ಫೈನಲ್!

ಆಮೇಲೆ? ಒಪ್ಪಂದ ಮುಗೀತು. ಝಿಂಗನ್ ಎಫ್‌ಸಿ ಗೋವಾಗೆ ಹೋದ. ಬೆಂಗಳೂರು ಎಫ್‌ಸಿ 2023-24ರಲ್ಲಿ ಎಷ್ಟನೇ ಸ್ಥಾನ? 12 ತಂಡಗಳಲ್ಲಿ 10ನೇದು. ಹಿಂದಿನ ವರ್ಷ 20 ಲೀಗ್ ಪಂದ್ಯದಲ್ಲಿ 23 ಗೋಲು ಬಿಟ್ಟಿದ್ದ ತಂಡ, ಈ ಸಲ 22 ಪಂದ್ಯದಲ್ಲಿ 34 ಬಿಟ್ಟಿತು. ಡಿಸೆಂಬರ್‌ನಲ್ಲಿ ಕಂಠೀರವದಲ್ಲೇ ಮುಂಬೈ ಎದುರು 4-0 ಸೋಲು. ಅದರ ಬೆನ್ನಿಗೇ ಕೋಚ್ ಸೈಮನ್ ಗ್ರೇಸನ್ ಮನೆಗೆ.

ಕೇರಳ ಬಿಟ್ಟಿತು, 10ನೇ ಸ್ಥಾನ. ಬೆಂಗಳೂರು ಬಿಟ್ಟಿತು, 10ನೇ ಸ್ಥಾನ. ಇಲ್ಲಿಗೇ ನಿಲ್ಲಿಸಿದರೆ ನನ್ನ ಕಾರ್ಯಕ್ರಮ ಭರ್ಜರಿ ಆಗುತ್ತೆ. ‘ನೋಡಿದ್ರಾ ಸ್ವಾಮಿ, ಕಾಸಿಗೆ ಮುಖ ನೋಡಿ ಬೇಲಿ ಕಿತ್ತರು, ತೋಟ ಹಾಳಾಯ್ತು’ ಅಂತ ಎರಡು ಸಲ ಟೇಬಲ್ ಕುಟ್ಟಿ ಬ್ರೇಕ್ ತಗೋಬಹುದು.

ಆದರೆ ಮೂರನೇ ತಂಡ ಇದೆಯಲ್ಲ?

2022ರಲ್ಲಿ ಝಿಂಗನ್‌ನನ್ನು ಬಿಟ್ಟಿದ್ದು ಎಟಿಕೆ ಮೋಹನ್ ಬಾಗಾನ್. ಬಿಟ್ಟ ಮೇಲೆ ಬೆಂಗಳೂರಿಗೆ ಬಂದ. ಆ ಸೀಸನ್‌ನ ಫೈನಲ್‌ನಲ್ಲಿ ನಮ್ಮನ್ನು ಪೆನಾಲ್ಟಿಯಲ್ಲಿ ಸೋಲಿಸಿ ಕಪ್ ಎತ್ತಿದ್ದು ಯಾರು? ಅದೇ ಎಟಿಕೆ ಮೋಹನ್ ಬಾಗಾನ್! ಬಿಟ್ಟವರು ಚಾಂಪಿಯನ್, ಕರೆತಂದವರು ರನ್ನರ್ ಅಪ್. ಈಗೇನು ಹೇಳ್ತೀರಿ?

ಅವರು ಹೇಗೆ ಬಚಾವಾದರು? ಹೋಗೋನು ಹೋಗೋ ಮೊದಲೇ ಆ ಜಾಗಕ್ಕೆ ಜನ ನೋಡಿಕೊಂಡಿದ್ದರು. ಆಸ್ಟ್ರೇಲಿಯಾದ ಬ್ರೆಂಡನ್ ಹ್ಯಾಮಿಲ್ ಬಂದ. ಪ್ರೀತಮ್ ಕೋಟಾಲ್, ಸುಭಾಶಿಶ್ ಬೋಸ್ ತಂಡದಲ್ಲೇ ಇದ್ದರು. ಗೋಲಿಗೆ ವಿಶಾಲ್ ಕೈತ್‌ನನ್ನು ತಂದರು. ಫೈನಲ್‌ನಲ್ಲಿ ನಮ್ಮ ಪೆನಾಲ್ಟಿ ತಡೆದವನು ಅವನೇ. ಒಬ್ಬ ಹೋದ, ಆದರೆ ಬೇಲಿ ಹೋಗಲಿಲ್ಲ. ನಾವು? 2023ರ ಬೇಸಿಗೆಯಲ್ಲಿ ಝಿಂಗನ್ ಒಬ್ಬನೇ ಹೋಗಿದ್ದಲ್ಲ. ರಾಯ್ ಕೃಷ್ಣ ಒಡಿಶಾಗೆ ಹೋದ. ಉದಾಂತ ಸಿಂಗ್ ಗೋವಾಗೆ ಹೋದ. ಪ್ರಬೀರ್ ದಾಸ್ ಕೇರಳಕ್ಕೆ ಹೋದ. ಮನೆಯಿಂದ ಒಂದು ಕಂಬ ತೆಗೆದರೆ ಊರುಗೋಲು ಕೊಟ್ಟು ನಿಲ್ಲಿಸಬಹುದು. ಒಟ್ಟಿಗೆ ನಾಲ್ಕು ಕಂಬ ತೆಗೆದರೆ?

ಇನ್ನೂ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಝಿಂಗನ್ ಇದ್ದ ವರ್ಷ ಎಲ್ಲವೂ ಚೆನ್ನಾಗಿತ್ತು ಅಂತೇನಿಲ್ಲ. ಆ ಸೀಸನ್‌ನಲ್ಲಿ ಬೆಂಗಳೂರು ಮೊದಲ 12 ಲೀಗ್ ಪಂದ್ಯದಲ್ಲಿ 8 ಸೋತಿತ್ತು. ಕೊನೆಯ 8 ಪಂದ್ಯ ಸತತವಾಗಿ ಗೆದ್ದು ಮೇಲೆ ಬಂತು. ಸೋತಾಗಲೂ ಅದೇ ಝಿಂಗನ್, ಗೆದ್ದಾಗಲೂ ಅದೇ ಝಿಂಗನ್. ಹಾಗಾದ್ರೆ ಗೆಲುವನ್ನೆಲ್ಲ ಒಬ್ಬನ ತಲೆಗೆ ಕಟ್ಟೋದೂ ತಪ್ಪು, ಸೋಲನ್ನೆಲ್ಲ ಅವನು ಹೋಗಿದ್ದಕ್ಕೆ ಕಟ್ಟೋದೂ ತಪ್ಪು.

ದುಬಾರಿ ಆಟಗಾರನನ್ನು ಇಟ್ಟುಕೊಳ್ಳೋದರಲ್ಲಿ ಅಪಾಯ ಇಲ್ವಾ? ಇದೆ. ಗೋವಾದವರನ್ನೇ ಕೇಳಿ. 2023-24ರಲ್ಲಿ ಮೊದಲ 12 ಲೀಗ್ ಪಂದ್ಯ ಒಂದೂ ಸೋಲಲಿಲ್ಲ. 2024ರ ಜನವರಿಯಲ್ಲಿ ಕತಾರ್‌ನಲ್ಲಿ ಏಷ್ಯನ್ ಕಪ್, ಸಿರಿಯಾ ಎದುರಿನ ಪಂದ್ಯದಲ್ಲಿ ಝಿಂಗನ್‌ಗೆ ಮತ್ತೆ ಮಂಡಿ ಪೆಟ್ಟು. ಸೀಸನ್ ಮುಗೀತು. ಫೆಬ್ರವರಿಯಲ್ಲಿ ಗೋವಾ ಸೋಲೋಕೆ ಶುರುವಾಯ್ತು. ಅಂದ್ರೆ ಏನು? ಅವನ ಬೆಲೆ ಎಷ್ಟು ಅನ್ನೋದೂ ಗೊತ್ತಾಯ್ತು, ಅವನನ್ನೇ ನಂಬಿ ಕೂತರೆ ಏನಾಗುತ್ತೆ ಅನ್ನೋದೂ ಗೊತ್ತಾಯ್ತು.

ಜೊತೆಗೆ ಐಎಸ್‌ಎಲ್‌ನಲ್ಲಿ ಸಂಬಳದ ಮಿತಿ ಇತ್ತು. ಆ ಕಾಲಕ್ಕೆ ಇಡೀ ತಂಡದ ಸಂಬಳ ವರ್ಷಕ್ಕೆ 16.5 ಕೋಟಿ ದಾಟಬಾರದು. ಅಷ್ಟರಲ್ಲೇ ವಿದೇಶಿಗಳು, ಅಷ್ಟರಲ್ಲೇ ಸ್ವದೇಶಿಗಳು. ಒಬ್ಬನಿಗೆ ದೊಡ್ಡ ಪಾಲು ಕೊಟ್ಟರೆ ಇನ್ನೊಬ್ಬನ ತಟ್ಟೆಯಲ್ಲಿ ಕಡಿಮೆ ಬೀಳುತ್ತೆ. ಮದುವೆ ಮನೆಯಲ್ಲಿ ಮೊದಲ ಪಂಕ್ತಿಗೇ ಹೋಳಿಗೆ ಎಲ್ಲ ಬಡಿಸಿದರೆ ಕೊನೆ ಪಂಕ್ತಿಗೆ ಏನು ಉಳಿಯುತ್ತೆ? ಹಾಗಾಗಿ ಕ್ಲಬ್ಬಿನವರು ‘ಹೋಗಲಿ’ ಅಂದಾಗಲೆಲ್ಲ ಅದು ಜಿಪುಣತನ ಅಂತ ನಾವು ಬೈಯೋದೂ ಸರಿಯಲ್ಲ.

ಹೊರಗಿನ ಪ್ರಪಂಚ ನೋಡಿ. ಸ್ಪೇನ್‌ನ ರಿಯಲ್ ಮ್ಯಾಡ್ರಿಡ್, 2021. ಸರ್ಜಿಯೊ ರಾಮೋಸ್. 16 ವರ್ಷ ಆ ತಂಡದಲ್ಲಿ ಇದ್ದ, ಕ್ಯಾಪ್ಟನ್. ಅವನು ಎರಡು ವರ್ಷದ ಒಪ್ಪಂದ ಬೇಕು ಅಂದ. ಕ್ಲಬ್ಬು ಒಂದು ವರ್ಷ, ಅದೂ ಕಡಿಮೆ ಸಂಬಳಕ್ಕೆ ಅಂತು. ಕೂಡಿ ಬರಲಿಲ್ಲ, ಹೋದ. ಅದೇ ಬೇಸಿಗೆಯಲ್ಲಿ ಅವನ ಪಕ್ಕದಲ್ಲಿ ಆಡ್ತಿದ್ದ ವರಾನ್ ಕೂಡ ಇಂಗ್ಲೆಂಡಿಗೆ ಹೋದ. ಗೋಲಿನ ಮುಂದಿನ ಎರಡು ಕಂಬವೂ ಒಂದೇ ಸಲ ಹೋದವು. ತಂಡ ಮುಳುಗೀತಾ? ಇಲ್ಲ. ಮುಂದಿನ ಸೀಸನ್‌ನಲ್ಲಿ ಸ್ಪೇನ್ ಲೀಗೂ ಗೆದ್ದರು, ಚಾಂಪಿಯನ್ಸ್ ಲೀಗೂ ಗೆದ್ದರು. ಯಾಕೆ ಗೊತ್ತಾ? ಎರಡು ವರ್ಷ ಮೊದಲೇ, 2019ರಲ್ಲೇ, ಮಿಲಿಟಾವೊ ಅನ್ನೋ ಬ್ರೆಜಿಲ್ ಹುಡುಗನನ್ನು ತಂದು ಬೆಂಚಿನ ಮೇಲೆ ಕೂರಿಸಿ ಬೆಳೆಸಿದ್ದರು. ಆಲಾಬಾನನ್ನು ವರ್ಗಾವಣೆ ಹಣ ಇಲ್ಲದೆ ಕರೆತಂದರು.

ಅದೇ ಮ್ಯಾಡ್ರಿಡ್ 2003ರಲ್ಲಿ ಮಾಡಿದ್ದು ನೋಡಿ. ಕ್ಲಾಡ್ ಮಕೆಲೆಲೆ. ಅವನು ಬ್ಯಾಕ್ ಅಲ್ಲ, ಬ್ಯಾಕ್‌ಗಳ ಮುಂದೆ ನಿಂತು ಎದುರಾಳಿಯನ್ನು ತಡೆಯೋನು. ಸಂಬಳ ಜಾಸ್ತಿ ಕೇಳಿದ. ತಂಡದಲ್ಲಿ ದೊಡ್ಡ ದೊಡ್ಡ ಹೆಸರುಗಳಿದ್ದವು, ಬೆಕ್ಹಮ್ ಹೊಸದಾಗಿ ಬಂದಿದ್ದ. ಇವನಿಗೆ ಯಾಕೆ ಅಷ್ಟು ಅಂತ ಚೆಲ್ಸಿಗೆ ಬಿಟ್ಟರು. ಆ ಜಾಗಕ್ಕೆ ಅವನಂಥ ಇನ್ನೊಬ್ಬನನ್ನು ತರಲೇ ಇಲ್ಲ. ಆಮೇಲೆ ಮೂರು ಸೀಸನ್ ಲೀಗೂ ಇಲ್ಲ, ಯುರೋಪಿನ ಕಪ್ಪೂ ಇಲ್ಲ. ಒಂದೇ ಕ್ಲಬ್, ಎರಡು ತೀರ್ಮಾನ, ಎರಡು ಫಲ.

ನಮ್ಮಲ್ಲೂ ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಕತೆ ಇದೆ. ರಾಹುಲ್ ಭೇಕೆ. 2019ರ ಮಾರ್ಚ್ 17ರಂದು ಮುಂಬೈನಲ್ಲಿ ಗೋವಾ ಎದುರು ಐಎಸ್‌ಎಲ್ ಫೈನಲ್, ಹೆಚ್ಚುವರಿ ಸಮಯದ 117ನೇ ನಿಮಿಷ, ಕಾರ್ನರ್‌ಗೆ ತಲೆ ಕೊಟ್ಟು ಬೆಂಗಳೂರಿಗೆ ಕಪ್ ತಂದುಕೊಟ್ಟ ಡಿಫೆಂಡರ್. 2021ರಲ್ಲಿ ಅವನು ಹೋದ, ಜೊತೆಗೆ ಐದು ವರ್ಷ ಹಿಂದೆ ನಿಂತಿದ್ದ ಸ್ಪೇನ್‌ನ ಹುವಾನನ್ ಕೂಡ ಹೋದ. ಹುವಾನನ್ ಸೇರಿದ ಹೈದರಾಬಾದ್ ಎಫ್‌ಸಿ 2022ರಲ್ಲಿ ಕಪ್ ಗೆದ್ದಿತು. ಭೇಕೆ ಮುಂಬೈ ಸಿಟಿಯ ಕ್ಯಾಪ್ಟನ್ ಆಗಿ 2024ರಲ್ಲಿ ಕಪ್ ಎತ್ತಿದ. ಆ ಮೇಲೆ ಬೆಂಗಳೂರಿಗೆ ಜ್ಞಾನೋದಯ ಆಯ್ತು. 2024ರಲ್ಲಿ, ಅವನಿಗೆ 33 ವರ್ಷ ಆದಾಗ, ವಾಪಸ್ ಕರೆತಂದರು. ಆ ಸೀಸನ್ ಏನಾಯ್ತು? ಲೀಗ್‌ನಲ್ಲಿ 3ನೇ ಸ್ಥಾನ, ಮತ್ತೆ ಫೈನಲ್. ಸೆಮಿಫೈನಲ್‌ನಲ್ಲಿ ಎದುರಿಗೆ ಸಿಕ್ಕಿದ್ದು ಗೋವಾ. ಕಂಠೀರವದಲ್ಲಿ ನಮ್ಮ ಮೊದಲ ಗೋಲು ಬಂದಿದ್ದು ಯಾರಿಂದ ಅಂತೀರಿ? ಝಿಂಗನ್ ಕಾಲಿಗೆ ತಗುಲಿ ಅವರದೇ ಗೋಲಿಗೆ ಹೋಯ್ತು. ಎರಡು ವರ್ಷದ ಹಿಂದೆ ಅದೇ ಮೈದಾನದಲ್ಲಿ ನಮ್ಮನ್ನು ಗೆಲ್ಲಿಸಿದ ಕಾಲು. ಡಿಫೆಂಡರ್‌ನ ಹಣೆಬರಹ ನೋಡಿ, ನೂರು ತಡೆದಿದ್ದು ಲೆಕ್ಕಕ್ಕಿಲ್ಲ, ಒಂದು ತಗುಲಿದ್ದು ದಾಖಲೆ.

ಸರಿ. ಈಗ ನಿಷ್ಠೆಯ ವಿಷಯಕ್ಕೆ ಬರೋಣ. ಆಟಗಾರ ಬಿಟ್ಟು ಹೋದಾಗ ನಾವು ಬಳಸೋ ಮೊದಲ ಪದ ಯಾವುದು? ದ್ರೋಹಿ. ‘ಉಂಡ ಮನೆಗೆ ಎರಡು ಬಗೆದ’ ಅಂತೀವಿ. ಅಲ್ಲಾರೀ, 2025ರಲ್ಲಿ ಏನಾಯ್ತು ನೋಡಿ. ಐಎಸ್‌ಎಲ್ ನಡೆಸ್ತಿದ್ದ ಕಂಪನಿಗೂ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ಗೂ ಇದ್ದ ಒಪ್ಪಂದ 2025ರ ಡಿಸೆಂಬರ್ 8ಕ್ಕೆ ಮುಗಿಯೋದಿತ್ತು. ಹೊಸ ಒಪ್ಪಂದ ಆಗಿರಲಿಲ್ಲ. ಜುಲೈ 11ಕ್ಕೆ ಲೀಗ್ ತಡೆಹಿಡೀತೀವಿ ಅಂತ ಕ್ಲಬ್ಬುಗಳಿಗೆ ತಿಳಿಸಿದರು. ಆಗಸ್ಟ್ 4ಕ್ಕೆ ನಮ್ಮ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸ್ತೀವಿ ಅಂತ ಘೋಷಣೆ ಮಾಡಿತು. ಯುವ ತಂಡಗಳಿಗೆ, ಮಕ್ಕಳ ಫುಟ್‌ಬಾಲ್ ಶಾಲೆಗಳಿಗೆ ತೊಂದರೆ ಇಲ್ಲ ಅಂದರು, ಅಷ್ಟರಮಟ್ಟಿಗೆ ಸಮಾಧಾನ.

ಕ್ಲಬ್ಬನ್ನು ಬೈಯೋಕೆ ಇದನ್ನ ಹೇಳ್ತಿಲ್ಲ. ಲೀಗೇ ಇಲ್ಲ ಅಂದ್ರೆ ಟಿಕೆಟ್ಟಿಲ್ಲ, ಪ್ರಾಯೋಜಕರಿಲ್ಲ, ಅವರಾದ್ರೂ ಏನು ಮಾಡ್ತಾರೆ? ನಾನು ಹೇಳ್ತಿರೋದು ಇಷ್ಟು. ಕಷ್ಟ ಬಂದಾಗ ಕ್ಲಬ್ಬು ಸಂಬಳ ನಿಲ್ಲಿಸಬಹುದು, ಅದಕ್ಕೆ ನಾವು ಅನಿವಾರ್ಯ ಅಂತೀವಿ. ಅವಕಾಶ ಬಂದಾಗ ಆಟಗಾರ ಹೊರಟರೆ ಮಾತ್ರ ದ್ರೋಹ ಅಂತೀವಿ. ಇದ್ಯಾವ ನ್ಯಾಯ? ಡಿಫೆಂಡರ್‌ನ ಕಾಲು ಮೂವತ್ತೈದು ವರ್ಷದ ತನಕ ಓಡಿದರೆ ಹೆಚ್ಚು. ಆಮೇಲೆ ಅವನ ಮನೆ ನಡೆಸೋರು ಯಾರು? ಚಪ್ಪಾಳೆ ತಟ್ಟಿದ ನೀವೂ ಅಲ್ಲ, ನಾನೂ ಅಲ್ಲ.

ಬೆಂಗಳೂರು ಅಂತೂ ಹಿಂದಿನಿಂದಲೂ ಆಟಗಾರರನ್ನು ಕಳಿಸಿಕೊಟ್ಟ ಊರು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಬಾಂಬೆಗೆ ಹೋಗಿ ಬ್ರಿಟಿಷ್ ಸೈನ್ಯದ ತಂಡಗಳ ಕೋಟೆಯಾಗಿದ್ದ ರೋವರ್ಸ್ ಕಪ್ ಗೆದ್ದುಕೊಂಡು ಬಂದಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ನಮ್ಮವರು. ಅದೇ ತಂಡದಲ್ಲಿ ಆಡಿದ ಅಹ್ಮದ್ ಖಾನ್ ನಮ್ಮವರು. ಅಹ್ಮದ್ ಖಾನ್ ಆಮೇಲೆ ಕೋಲ್ಕತ್ತದ ಈಸ್ಟ್ ಬೆಂಗಾಲ್‌ಗೆ ಹೋದರು. ಅಲ್ಲಿನವರು ಮುಂದಿನ ಸಾಲಿನ ಐದು ಜನರನ್ನು ‘ಪಂಚ ಪಾಂಡವರು’ ಅಂತ ಕರೆದರು, ಅದರಲ್ಲಿ ಇವರೂ ಒಬ್ಬರು. ಅಹ್ಮದ್ ಖಾನ್ ಇಲ್ಲೇ ಉಳಿಯಬೇಕಿತ್ತು ಅಂತ ಇವತ್ತು ಯಾರಾದ್ರೂ ಅಂತೀವಾ? ಇಲ್ಲ. ನಮ್ಮೂರಿನವರು ಅಂತ ಎದೆ ಉಬ್ಬಿಸ್ತೀವಿ.

ಆಮೇಲೆ ಎಚ್‌ಎಎಲ್, ಐಟಿಐ ಕಾಲ. ಕಾರ್ಖಾನೆಯಲ್ಲಿ ಕೆಲಸ, ಸಂಜೆ ಆಟ. ಆಗ ಸ್ಟಾಪರ್ ಬ್ಯಾಕ್ ಆಡೋನು ಹದಿನೈದು ವರ್ಷ ಒಂದೇ ತಂಡದಲ್ಲಿ ಇರ್ತಿದ್ದ. ನಿಷ್ಠೆ ಅಂತ ನಾವು ಹೊಗಳ್ತೀವಿ. ಆ ನಿಷ್ಠೆಯ ಹಿಂದೆ ಒಂದು ಕಾಯಂ ನೌಕರಿ ಇತ್ತು, ಪಿಎಫ್ ಇತ್ತು, ಕ್ವಾರ್ಟರ್ಸ್ ಇತ್ತು ಅನ್ನೋದು ಮರೀತೀವಿ. ನಿಷ್ಠೆ ಕೇಳೋರು ನೆಲೆಯನ್ನೂ ಕೊಟ್ಟಿದ್ದರು.

ಕಾನೂನು ಕೂಡ ಈ ದಾರಿಯಲ್ಲೇ ಬಂದಿದೆ. ಯುರೋಪಿನಲ್ಲಿ ಒಂದು ಕಾಲಕ್ಕೆ ಒಪ್ಪಂದ ಮುಗಿದ ಮೇಲೂ ಕ್ಲಬ್ಬು ಕಾಸು ಸಿಗೋ ತನಕ ಆಟಗಾರನನ್ನು ಬಿಡ್ತಿರಲಿಲ್ಲ. ಬೆಲ್ಜಿಯಂನ ಬೋಸ್ಮನ್ ಅನ್ನೋ ಸಾಮಾನ್ಯ ಆಟಗಾರ ಕೋರ್ಟಿಗೆ ಹೋದ. 1995ರ ಡಿಸೆಂಬರ್ 15ಕ್ಕೆ ತೀರ್ಪು ಬಂತು. ಒಪ್ಪಂದ ಮುಗಿದರೆ ಆಟಗಾರ ಸ್ವತಂತ್ರ. ಅವತ್ತಿಂದ ಫುಟ್‌ಬಾಲ್ ಬದಲಾಯ್ತು. ಹಾಗಂತ ಬೆಳೆಸಿದವರಿಗೆ ಏನೂ ಇಲ್ಲ ಅಂತಲೂ ಅಲ್ಲ. ಒಬ್ಬ ಆಟಗಾರ ದೇಶದಿಂದ ದೇಶಕ್ಕೆ ಹಣಕ್ಕೆ ವರ್ಗಾವಣೆ ಆದಾಗ, 12ರಿಂದ 23ನೇ ವಯಸ್ಸಿನ ತನಕ ಅವನನ್ನು ತರಬೇತು ಮಾಡಿದ ಕ್ಲಬ್ಬುಗಳಿಗೆ ಆ ಮೊತ್ತದ ಶೇಕಡ 5 ಹಂಚಬೇಕು ಅಂತ ಫಿಫಾ ನಿಯಮ ಇದೆ. ಆದರೆ ಯಾವ ಕ್ಲಬ್ಬಿಗೆ? ನೋಂದಣಿ ಆಗಿರೋ ಕ್ಲಬ್ಬಿಗೆ. ಸಮೇತನಹಳ್ಳಿಯ ತಂಡದ ಹತ್ತಿರ ಏನಿದೆ? ಒಂದು ಫ್ಲೆಕ್ಸು, ಒಂದು ವಾಟ್ಸ್ಆ್ಯಪ್ ಗ್ರೂಪು.

ಈಗ ಸಮೇತನಹಳ್ಳಿಗೆ ವಾಪಸ್ ಬರ್ತೀನಿ.

ಅಲ್ಲಿ ಕೂತಿದ್ದಾಗ ನಾನು ಒಂದು ಗಮನಿಸಿದೆ. ಕ್ಯಾಪ್ಟನ್ ಮಾತಾಡಿದ. ಚಂದಾ ಕೊಟ್ಟ ಹಿರಿಯರು ಮಾತಾಡಿದರು. ಹುಡುಗನ ಚಿಕ್ಕಪ್ಪ ಮಾತಾಡಿದ. ಹುಡುಗ ಮಾತ್ರ ಗೋಲ್ ಪೋಸ್ಟಿಗೆ ಒರಗಿಕೊಂಡು ನಿಂತಿದ್ದ. ಅವನನ್ನು ಯಾರೂ ಕೇಳಲೇ ಇಲ್ಲ! ಹೊರಡೋ ಮುಂಚೆ ನಾನೇ ಹತ್ತಿರ ಹೋಗಿ ಕೇಳಿದೆ. ‘ನೀನೇನಂತೀಯಪ್ಪಾ?’

ತಲೆ ಎತ್ತಲಿಲ್ಲ. ‘ಹೋಗ್ಬೇಕು ಅಂತ ಐತೆ ಅಣ್ಣ. ಆದ್ರೆ ಕಾಲಿಗೆ ಇವ್ರು ಕಾಸು ಹಾಕವ್ರಲ್ಲ’ ಅಂದ.

ವೀಕ್ಷಕರೇ, ಆ ಮಾತು ಕೇಳಿದ ಮೇಲೆ ನನಗೆ ಐಎಸ್‌ಎಲ್ಲೂ ಬೇಡ ಅನ್ನಿಸ್ತು, ಮ್ಯಾಡ್ರಿಡ್ಡೂ ಬೇಡ ಅನ್ನಿಸ್ತು. ಕಾಲಿಗೆ ಕಾಸು ಹಾಕಿದ್ದಾರಂತೆ. ಪ್ರೀತಿಯಿಂದ ಮಾಡಿದ ಉಪಕಾರ ಹುಡುಗನ ತಲೆಯಲ್ಲಿ ಸಾಲ ಆಗಿ ಕೂತಿದೆ. ಊರಿನವರು ಸಾಲ ಅಂತ ಒಂದು ದಿನವೂ ಅಂದಿರಲಿಕ್ಕಿಲ್ಲ. ಆದರೆ ಈಗ ‘ನಾವು ಖರ್ಚು ಮಾಡಿದ್ವಲ್ಲ’ ಅಂತ ಅವನ ಎದುರಿಗೇ ಲೆಕ್ಕ ತೆಗೆದಾಗ ಅದು ಸಾಲವೇ ಆಯ್ತಲ್ಲ?

ಹಾಗಂತ ಊರಿನವರನ್ನ ಸ್ವಾರ್ಥಿಗಳು ಅನ್ನೋಕೆ ನಾನು ತಯಾರಿಲ್ಲ. ಅವರ ಭಯ ಬೇರೆ ಇದೆ. ಒಬ್ಬ ಹಿರಿಯರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ‘ಸಾರ್, ಇವ್ನು ಹೋದ್ರೆ ಟೀಮ್ ಸೋಲ್ತದೆ. ಸೋತ್ರೆ ಹುಡುಗ್ರು ಬರದು ನಿಲ್ಲಿಸ್ತಾರೆ. ಹುಡುಗ್ರು ಬರ್ಲಿಲ್ಲ ಅಂದ್ರೆ ಈ ಮೈದಾನ ಎಷ್ಟು ದಿನ ಉಳೀತದೆ?’ ಸುತ್ತ ಲೇಔಟ್ ಬೋರ್ಡುಗಳು ಅಂದೆನಲ್ಲ, ಆಟ ನಿಂತ ಜಾಗ ಖಾಲಿ ಜಾಗ, ಖಾಲಿ ಜಾಗಕ್ಕೆ ನೂರು ಕಣ್ಣು. ಆ ಹುಡುಗ ಗೋಲನ್ನು ಮಾತ್ರ ಕಾಯ್ತಿಲ್ಲ, ಅವರ ಲೆಕ್ಕದಲ್ಲಿ ಮೈದಾನವನ್ನೇ ಕಾಯ್ತಿದ್ದಾನೆ. ಈ ಮಾತನ್ನು ತಳ್ಳಿಹಾಕೋ ಹಾಗಿಲ್ಲ.

ಆದರೆ ಅಷ್ಟು ದೊಡ್ಡ ಭಾರವನ್ನು ಹದಿನೇಳು ವರ್ಷದ ಒಂದು ಮಂಡಿಯ ಮೇಲೆ, ಅದೂ ಒಮ್ಮೆ ಪೆಟ್ಟಾದ ಮಂಡಿಯ ಮೇಲೆ ಹೊರಿಸಬಹುದಾ? ಇವತ್ತು ಇಟ್ಟುಕೊಂಡ್ರಿ ಅಂತಿಟ್ಕೊಳ್ಳಿ. ನಾಳೆ ಪಂದ್ಯದಲ್ಲಿ ಮತ್ತೆ ಪೆಟ್ಟಾದರೆ? ಕ್ಲಬ್ಬೂ ಕರೆಯಲ್ಲ, ನಿಮ್ಮ ತಂಡಕ್ಕೂ ಆಗಲ್ಲ. ಇಬ್ಬರಿಗೂ ನಷ್ಟ.

ಅದಕ್ಕೇ ಕ್ಯಾಪ್ಟನ್‌ಗೆ ಮರುದಿನ ಫೋನ್ ಮಾಡಿದೆ. ಬಿಟ್ಟುಕೊಡಿ ಅಂದೆ. ಆದರೆ ಸುಮ್ಮನೆ ಬಿಡಬೇಡಿ, ಕೆಲವು ಕೆಲಸ ಮಾಡಿ ಬಿಡಿ ಅಂದೆ.

ಮೊದಲು, ಆ ಬೆಂಗಳೂರಿನ ಕ್ಲಬ್ಬಿನವರಿಂದ ಎಲ್ಲವನ್ನೂ ಕಾಗದದ ಮೇಲೆ ಬರೆಸಿಕೊಳ್ಳಿ. ಹಾಸ್ಟೆಲ್ ಎಲ್ಲಿ, ಕಾಲೇಜು ಎಲ್ಲಿ, ಪೆಟ್ಟಾದರೆ ಚಿಕಿತ್ಸೆ ಯಾರದು, ಎಷ್ಟು ವರ್ಷ. ಅಪ್ಪ ಅಮ್ಮ ಓದಿ, ಅರ್ಥ ಆಗದಿದ್ದರೆ ತಿಳಿದವರಿಂದ ಓದಿಸಿ, ಆಮೇಲೆ ಸಹಿ. ಬಾಯಿಮಾತಿಗೆ ಹುಡುಗನನ್ನು ಕಳಿಸಬೇಡಿ. ಹುಡುಗ ಪಿಯುಸಿ ಬಿಡಬಾರದು.

ಎರಡನೆಯದು, ನಿಮ್ಮ ತಂಡವನ್ನು ಸಂಘ ಅಂತ ನೋಂದಣಿ ಮಾಡಿಸಿ, ಫುಟ್‌ಬಾಲ್ ಸಂಸ್ಥೆಯ ಹತ್ತಿರ ಹೋಗಿ ವಿಚಾರಿಸಿ. ಇವನಿಂದ ನಿಮಗೆ ಕಾಸು ಬರುತ್ತೆ ಅಂತಲ್ಲ. ಮುಂದಿನ ಹುಡುಗ ಹೋಗುವಾಗ ‘ಇವನು ಸಮೇತನಹಳ್ಳಿಯಲ್ಲಿ ಕಲಿತವನು’ ಅಂತ ಎಲ್ಲಾದ್ರೂ ಒಂದು ದಾಖಲೆ ಇರಲಿ.

ಮೂರನೆಯದು ಮೈದಾನ. ಅದನ್ನು ಒಬ್ಬ ಬ್ಯಾಕ್ ಕಾಯೋಕಾಗಲ್ಲ. ಗ್ರಾಮಸಭೆಯಲ್ಲಿ ವಿಷಯ ಎತ್ತಿ. ಪಹಣಿಯಲ್ಲಿ ಏನಿದೆ ನೋಡಿ, ಅಳತೆ ಮಾಡಿಸಿ, ಆಟದ ಮೈದಾನ ಅಂತ ಪಂಚಾಯಿತಿ ದಾಖಲೆಯಲ್ಲಿ ಬರೆಸಿ. ಗೆದ್ದರೂ ಸೋತರೂ ಅದು ಉಳಿಯಬೇಕು.

ನಾಲ್ಕನೆಯದು, ಅವನು ಹೋಗೋ ಮುಂಚೆ ಇಬ್ಬರು ಚಿಕ್ಕ ಹುಡುಗರನ್ನು ಅವನ ಜೊತೆ ನಿಲ್ಲಿಸಿ. ರಜೆಗೆ ಬಂದಾಗಲೂ ಅವರಿಗೆ ಕಲಿಸಲಿ. ಮೋಹನ್ ಬಾಗಾನ್ ಮಾಡಿದ್ದು ಇದನ್ನೇ, ಮ್ಯಾಡ್ರಿಡ್ ಮಾಡಿದ್ದು ಇದನ್ನೇ. ಕೋಟಿ ಇದ್ದವರು ಕೋಟಿಯಲ್ಲಿ ಮಾಡಿದರು, ನೀವು ಸಂಜೆ ಒಂದು ಗಂಟೆಯಲ್ಲಿ ಮಾಡಿ. ಈ ವರ್ಷ ಸೋಲ್ತೀರಿ. ಸುಳ್ಳು ಹೇಳಲ್ಲ, ಬಹುಶಃ ಸೋಲ್ತೀರಿ. ಒಂದು ವರ್ಷ ಸೋತರೆ ಊರು ಮುಳುಗಲ್ಲ.

ಕ್ಯಾಪ್ಟನ್ ಎಲ್ಲ ಕೇಳಿಸಿಕೊಂಡ. ‘ಆಯ್ತಣ್ಣ. ಆದ್ರೆ ಚಂದಾ ಕೊಟ್ಟೋರಿಗೆ ಏನಂತ ಹೇಳ್ಲಿ?’ ಅಂದ.

ಅದಕ್ಕೆ ನಾನು ಹೇಳಿದ್ದು ಇಷ್ಟು. ಚಂದಾ ಕೊಟ್ಟವರನ್ನೆಲ್ಲ ಒಂದು ಸಂಜೆ ಮೈದಾನಕ್ಕೆ ಕರೀರಿ. ಹುಡುಗನನ್ನೂ ಕರೀರಿ. ಎಲ್ಲರ ಮುಂದೆ ಒಬ್ಬ ಹಿರಿಯರ ಬಾಯಲ್ಲಿ ‘ಮಗಾ, ಅದು ಸಾಲ ಅಲ್ಲ, ನೀನು ಏನೂ ವಾಪಸ್ ಕೊಡಬೇಕಾಗಿಲ್ಲ’ ಅಂತ ಹೇಳಿಸಿ. ಮನಸ್ಸಲ್ಲಿ ಇದ್ದರೆ ಸಾಲದು, ಬಾಯಿಬಿಟ್ಟು ಹೇಳಬೇಕು. ಅದನ್ನ ಕೇಳಿಸಿಕೊಂಡ ಮೇಲೆ ಅವನು ಹೋಗ್ತೀನಿ ಅಂದ್ರೆ ಹೋಗಲಿ, ಇರ್ತೀನಿ ಅಂದ್ರೆ ಇರಲಿ. ಆಗ ಅದು ಅವನ ತೀರ್ಮಾನ. ಈಗ ಇರೋದು ನಿಮ್ಮ ಚಂದಾ ಪುಸ್ತಕದ ತೀರ್ಮಾನ.

ಫೋನ್‌ನಲ್ಲಿ ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ ‘ಭಾನುವಾರ ಕರೀತೀನಿ ಅಣ್ಣ’ ಅಂದ.

ಕರೀತಾನೋ ಇಲ್ವೋ, ಭಾನುವಾರ ಇನ್ನೂ ಬಂದಿಲ್ಲ. ಬಂದ ಮೇಲೆ ಏನಾಯ್ತು ಅಂತ ಖಂಡಿತ ನಿಮಗೆ ಹೇಳ್ತೀನಿ. ಅಲ್ಲಿ ತನಕ ನಿಮ್ಮ ನಿಮ್ಮ ಮನೆಗಳಲ್ಲೂ ಒಂದು ಸಲ ನೋಡಿಕೊಳ್ಳಿ. ಓದಿಸಿದ್ದು, ಬೆಳೆಸಿದ್ದು, ಖರ್ಚು ಮಾಡಿದ್ದು ಯಾವ ಮಗುವಿನ ಕಾಲಿಗಾದ್ರೂ ಕಾಸಿನ ಹಾಗೆ ಕಟ್ಟಿಕೊಂಡು ಕೂತಿದೆಯಾ ಅಂತ.